ಕೆಂಪು ದಾರದ ಆಚೆ

ಬೀದಿಯವರೆಲ್ಲ ಅತ್ತೆಯನ್ನು ಗಟ್ಟಿಕೈಯಮ್ಮ ಎಂದೇ ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಅತ್ತೆಗೂ ಇಷ್ಟವೇ. ರತ್ನಗಂಬಳಿ ನೇಯುವವರ ಬೀದಿ ಅದು. ಒಬ್ಬೊಬ್ಬರ ಕೈ ಒಂದೊಂದು ತರಹ ಎಂದು ಅಲ್ಲಿ ಮಕ್ಕಳಿಗೂ ಗೊತ್ತು. ಒಂದು ಸಾಲು ಉಣ್ಣೆಯ ಗಂಟು ಕಟ್ಟಬೇಕು, ಅದರ ಮೇಲೆ ಅಡ್ಡಕ್ಕೆ ಹೊಕ್ಕಿನ ದಾರ ಎಳೆಯಬೇಕು, ಆಮೇಲೆ ಬಾಚಣಿಗೆಯಂಥ ಕಬ್ಬಿಣದ ಹಣಿಗೆಯಿಂದ ಕುಟ್ಟಿ ಆ ಸಾಲನ್ನು ಕೆಳಗೆ ಕೂರಿಸಬೇಕು. ಬೇರೆಯವರು ಕುಟ್ಟಿದರೆ ಸಾಲು ಕೂರುತ್ತಿತ್ತು. ಅತ್ತೆ ಕುಟ್ಟಿದರೆ ಮತ್ತೆ ಏಳುವ ಮಾತೇ ಇರಲಿಲ್ಲ. ಈ ಮನೆಯ ಗಂಬಳಿಯ ಬೆನ್ನು ಕೆರೆದರೆ ಮರ ಕೆರೆದಂತೆ ಸದ್ದು ಬರುತ್ತದೆ ಎಂದು ವ್ಯಾಪಾರಿ ಹೋದ ಹೋದ ಮನೆಯಲ್ಲೆಲ್ಲ ಹೇಳಿ ಅಲ್ಲಿನ ಹೆಂಗಸರ ಹೊಟ್ಟೆ ಉರಿಸುತ್ತಿದ್ದ.

ಸೊಸೆ ಆ ಮನೆಗೆ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಮುಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಮಗ್ಗ, ಅದರ ಮುಂದೆ ಇಬ್ಬರು ಕೂರುವ ಒಂದೇ ಹಲಗೆ. ಮೇಲಿಂದ ಕೆಳಕ್ಕೆ ಬಿಗಿದ ಹಾಸಿನ ದಾರಗಳ ನಟ್ಟನಡುವೆ ಅತ್ತೆ ಒಂದು ಕೆಂಪು ದಾರ ಕಟ್ಟುತ್ತಿದ್ದಳು. ಅದರ ಬಲಕ್ಕೆ ಅತ್ತೆ, ಎಡಕ್ಕೆ ಸೊಸೆ. ಬಂದ ಮೊದಲ ವರ್ಷ ಅವಳು ಆ ಮನೆಯಲ್ಲಿ ಅತಿ ಹೆಚ್ಚು ಕೇಳಿದ ಮಾತು "ಬಿಚ್ಚು". ಬೆಳಗಿನಿಂದ ಕಟ್ಟಿದ್ದನ್ನು ಅತ್ತೆ ಮಧ್ಯಾಹ್ನ ಬೆರಳಲ್ಲಿ ಮುಟ್ಟಿ ನೋಡಿ, ಮುಖ ಕೂಡ ತಿರುಗಿಸದೆ "ಬಿಚ್ಚು" ಅನ್ನುತ್ತಿದ್ದಳು. ಹೊಸ ಸೊಸೆ ಕಣ್ಣೀರು ಹಾಕಿದರೆ, "ಅಳು, ಬೇಡ ಅನ್ನಲ್ಲ. ಅತ್ಕೊಂಡೇ ಬಿಚ್ಚು. ಗಂಬಳಿಗೆ ದಾಕ್ಷಿಣ್ಯ ಗೊತ್ತಿಲ್ಲ," ಎನ್ನುವುದು ಬೇರೆ. ವರ್ಷ ತುಂಬುವ ಹೊತ್ತಿಗೆ ಒಂದು ದಿನ ಅತ್ತೆ ಮುಟ್ಟಿ ನೋಡಿ ಸುಮ್ಮನೆ ಎದ್ದುಹೋದಳು. ಅಂದು ಊಟಕ್ಕೆ ಕೂತಾಗ ತನ್ನ ಬೇಯಿಸಿದ ಮೊಟ್ಟೆಯಲ್ಲಿ ಅರ್ಧ ಮುರಿದು ಸೊಸೆಯ ತಟ್ಟೆಗೆ ಹಾಕಿದಳು. ಅತ್ತೆಯ ಹೊಗಳಿಕೆ ಎಂದರೆ ಅಷ್ಟೇ.

ಈ ಸಲದ್ದು ದೊಡ್ಡ ಕೆಲಸ. ಯಾರದೋ ದೊಡ್ಡ ಮನೆಯ ಊಟದ ಕೋಣೆಗೆ ಎಂಟು ಮೊಳ ಉದ್ದದ ಗಂಬಳಿ. ಕೆಳಗೆ ಒಂದು ಮೊಳ ಅಂಚು, ನಡುವೆ ಎರಡೆರಡು ಮೊಳದ ಮೂರು ದುಂಡು ಹೂ, ಮೇಲೆ ಮತ್ತೊಂದು ಮೊಳ ಅಂಚು. ಹಾಸು ಬಿಗಿದವಳು ಅತ್ತೆಯೇ. ಎಂಟು ಮೊಳದ ಮೇಲೆ, ಕೈಯಾಡಲು ಬೇಕಾದ ಒಂದು ಗೇಣು ಬಿಟ್ಟು, ಒಂದು ಬೆರಳನ್ನೂ ಹೆಚ್ಚಿಗೆ ಇಟ್ಟಿರಲಿಲ್ಲ. ಬೇರೆ ಮನೆಗಳಲ್ಲಿ ಭಯಕ್ಕೆ ಇನ್ನೊಂದು ಮೊಳ ಬಿಡುತ್ತಾರೆ. ಅತ್ತೆಗೆ ಅದು ಅವಮಾನ.

ಅಂಚು ಮುಗಿದು ಮೊದಲ ಹೂ ಅರ್ಧ ಅರಳುವ ಹೊತ್ತಿಗೆ ಅತ್ತೆಯ ಬಲಗೈ ಹೆಬ್ಬೆರಳು ಜೋಮು ಹಿಡಿಯತೊಡಗಿತು. ಟೀ ಲೋಟ ಎರಡು ಸಲ ಕೈಜಾರಿ ಬಿತ್ತು. ಡಾಕ್ಟರು ಕತ್ತಿನ ನರ ಒತ್ತಿದೆ ಎಂದು ಮಾತ್ರೆ ಬರೆದು, ಕತ್ತಿಗೆ ಕಟ್ಟಿಕೊಳ್ಳಲು ಒಂದು ದಪ್ಪ ಪಟ್ಟಿ ಕೊಟ್ಟರು. ಅತ್ತೆ ಮನೆಗೆ ಬಂದವಳೇ ಆ ಪಟ್ಟಿಯನ್ನು ಉಣ್ಣೆಯ ಉಂಡೆ ನೇತುಹಾಕುವ ಮೊಳೆಗೆ ಸಿಕ್ಕಿಸಿದಳು.

"ಅಜ್ಜಿ, ಅದು ಕತ್ತಿಗೆ," ಎಂದಳು ಮೊಮ್ಮಗಳು.

"ಮೊಳೆಗೂ ಕತ್ತು ನೋಯ್ತಿರತ್ತೆ. ಇರ್ಲಿ ಬಿಡು."

ಮೊಮ್ಮಗಳಿಗೆ ಹತ್ತೊಂಬತ್ತು. ಬೀದಿಯ ಕೊನೆಯ ಔಷಧಿ ಅಂಗಡಿಯಲ್ಲಿ ಆರು ತಿಂಗಳಿಂದ ಕೆಲಸ. ಯಾವ ಮಾತ್ರೆ ಯಾವ ಗೂಡಿನಲ್ಲಿದೆ ಎಂದು ಅಂಗಡಿಯವರಿಗಿಂತ ಚೆನ್ನಾಗಿ ಬಲ್ಲವಳು. ಮನೆಗೆ ಬಂದರೂ ಅದೇ ಕತೆ. ಬಾಯಿಗೆ ಬೀಗ ಇಲ್ಲ. ಅವಳ ಬೆರಳುಗಳು ನುಣ್ಣಗಿದ್ದವು. ಸೊಸೆ ಒಮ್ಮೊಮ್ಮೆ ಮಗಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ಅವಳ ಸ್ವಂತ ಬೆರಳುಗಳ ತುದಿಯಲ್ಲಿ ಗಂಟು ಕತ್ತರಿಸುವ ಚೂರಿಯ ಗೀರು ತುಂಬಿ, ನಿಂಬೆಹಣ್ಣು ಹಿಂಡುವಾಗಲೆಲ್ಲ ಪ್ರಾಣ ಹೋಗುತ್ತಿತ್ತು.

ಒಂದು ರಜೆಯ ದಿನ ಊಟದ ಹೊತ್ತಿಗೆ ಗಂಡ ಮಾತು ತೆಗೆದ. ಅವನು ಬಣ್ಣದ ಕಾರ್ಖಾನೆಯಲ್ಲಿ ಉಣ್ಣೆಗೆ ಬಣ್ಣ ಹಾಕುವವನು. ಎಷ್ಟು ತೊಳೆದರೂ ಉಗುರಿನ ಸಂದಿನ ನೀಲಿ ಹೋಗುತ್ತಿರಲಿಲ್ಲ.

"ಅಮ್ಮ, ನಿನ್ನ ಕೈ ಹೀಗೇ ಆದ್ರೆ ಇವಳನ್ನ ಕೂರಿಸಿಬಿಡೋಣ. ಮನೇಲೇ ಮಗ್ಗ ಇಟ್ಕೊಂಡು ಇನ್ನೊಬ್ರ ಅಂಗಡೀಲಿ ಯಾಕೆ ನಿಂತು ಸಾಯ್ಬೇಕು?"

ಮಗಳ ಕೈಯ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. ಸೊಸೆ ಅತ್ತೆಯ ಮುಖ ನೋಡಿದಳು.

"ನನ್ನ ಕೈಗೆ ಏನಾಗಿದೆ?" ಎಂದಳು ಅತ್ತೆ. "ನಿನ್ನ ಕೆನ್ನೆ ಇತ್ತ ತಾ, ತೋರಿಸ್ತೀನಿ."

ಎಲ್ಲರೂ ನಕ್ಕರು. ಮಾತು ಅಲ್ಲಿಗೆ ನಿಂತಿತು.

ಆದರೆ ಮೊದಲ ಹೂ ಮುಗಿದ ದಿನ ಸೊಸೆಗೆ ಅನುಮಾನ ಬಂತು. ಅತ್ತೆ ಸ್ನಾನಕ್ಕೆ ಹೋದಾಗ ಅಳತೆಕೋಲನ್ನು ಕೊನೆಯ ಸಾಲಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿದಳು. ಕೆಂಪು ದಾರದ ಎಡಕ್ಕೆ ಸಾಲು ಎಲ್ಲಿರಬೇಕೋ ಅಲ್ಲೇ ಇತ್ತು. ಬಲಕ್ಕೆ ಹೋಗುತ್ತಾ ಹೋಗುತ್ತಾ ಒಂದು ಬೆರಳು ಮೇಲೇರಿತ್ತು. ಅತ್ತೆಯ ಹಣಿಗೆಯ ಏಟಿಗೆ ಬಲವಿಲ್ಲದೆ ಅವಳ ಕಡೆಯ ಸಾಲುಗಳು ಸಡಿಲವಾಗಿ ಉಬ್ಬಿಕೊಂಡು ನಿಂತಿದ್ದವು. ಹೀಗೇ ಬಿಟ್ಟರೆ ಗಂಬಳಿ ಸೊಟ್ಟಗಾಗುತ್ತದೆ. ಅತ್ತೆಯನ್ನು ಹಲಗೆಯಿಂದ ಏಳಿಸಿದರೆ ಮಗಳನ್ನು ಕೂರಿಸುತ್ತಾರೆ. ಒಂದು ಸಲ ಕೂತವರು ಎದ್ದುಹೋದದ್ದನ್ನು ಆ ಬೀದಿಯಲ್ಲಿ ಅವಳು ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಸೊಸೆ ತನ್ನ ಕೈ ಇಳಿಸಿದಳು.

ಅದೇನೂ ಸುಲಭವಾಗಿರಲಿಲ್ಲ. ಇಪ್ಪತ್ತೊಂದು ವರ್ಷ ಗಟ್ಟಿಯಾಗಿ ಕುಟ್ಟಿದ ಕೈಗೆ ಮೆಲ್ಲಗೆ ಕುಟ್ಟು ಅಂದರೆ ಕೇಳುತ್ತದೆಯೇ? ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮಣಿಕಟ್ಟಿನಿಂದ ಮಾತ್ರ ಹಣಿಗೆ ಆಡಿಸಿದಳು. ಮೊದಲ ವಾರ ಅತ್ತೆಗಿಂತಲೂ ಮೆತ್ತಗೆ ಕುಟ್ಟಿ ತನ್ನ ಕಡೆಯ ಸಾಲನ್ನು ಮೇಲೆ ತಂದಳು. ಎರಡೂ ಕಡೆ ಸಮವಾದ ಮೇಲೆ ಅತ್ತೆಯ ಕೈಗೆ ತನ್ನ ಕೈ ಜೋಡಿಸಿ ಹೊರಟಳು. ಸಂಜೆಗೆ ಭುಜ ಎಂದಿಗಿಂತ ಹೆಚ್ಚು ನೋಯುತ್ತಿತ್ತು.

ಹತ್ತನೆಯ ದಿನ ಅತ್ತೆ ನೇಯುವುದನ್ನು ನಿಲ್ಲಿಸಿ, ತಾನೇ ಅಳತೆಕೋಲು ಇಟ್ಟು ನೋಡಿದಳು.

"ನೋಡ್ದೇನೇ?" ಅತ್ತೆಯ ಮುಖ ಅರಳಿತ್ತು. "ಹೋದ ತಿಂಗಳು ಒಂದು ಬೆರಳು ಏರಿತ್ತು. ನಿನಗೆ ಹೇಳ್ಲಿಲ್ಲ, ಒಳಗೊಳಗೇ ಸತ್ತೆ. ಈಗ ನೋಡು, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಸದ್ದು ಕೇಳಿದ್ಯಾ? ನಿಂದೂ ನಂದೂ ಒಂದೇ ಸದ್ದು. ಕೈ ವಾಪಸ್ ಬಂತು ಕಣೇ!"

ಸೊಸೆ ಅಳತೆಕೋಲನ್ನು ತೆಗೆದು ಗೋಡೆಗೆ ಒರಗಿಸಿದಳು. "ಹೌದಲ್ವಾ ಅತ್ತೆ," ಎಂದಳು.

ಆಮೇಲಿನ ಮೂರು ವಾರ ಅತ್ತೆ ಅತ್ತೆಯಂತೆಯೇ ಇರಲಿಲ್ಲ. ಒಂದು ರೊಟ್ಟಿಗೆ ಸಾಕೆನ್ನುತ್ತಿದ್ದವಳು ಮೂರು ತಿಂದಳು. ಪಕ್ಕದ ಮನೆಯ ನೂಲುವ ಮುದುಕಿಯನ್ನು ಗೋಡೆಯಾಚೆಯಿಂದ ಕರೆದು, "ಡಾಕ್ಟ್ರಿಗೆ ಏನು ಗೊತ್ತು? ನರ ಅಂತೆ ನರ!" ಎಂದು ಬೆರಳು ಮಡಚಿ ತೋರಿಸಿದಳು. ನೇಯುತ್ತಾ ನೇಯುತ್ತಾ ತನ್ನ ಅಮ್ಮ ನಕ್ಷೆಯ ಹಾಳೆಯೇ ಇಲ್ಲದೆ ನೆನಪಿನಿಂದ ಹೂ ಬಿಡಿಸುತ್ತಿದ್ದ ಕತೆ ಹೇಳಿದಳು. ಇಪ್ಪತ್ತೊಂದು ವರ್ಷದಲ್ಲಿ ಸೊಸೆ ಆ ಕತೆ ಕೇಳಿರಲಿಲ್ಲ. ಇಷ್ಟು ವರ್ಷಕ್ಕೆ ಅತ್ತೆಯ ಪಕ್ಕ ಕೂರುವುದು ಹಿತವಾಗಿದೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಎರಡನೆಯ ಹೂ ಮುಗಿಯುತ್ತಾ ಬಂದಾಗ ಸೊಸೆ ತಲೆ ಎತ್ತಿ ಉಳಿದ ಹಾಸನ್ನು ನೋಡಿದಳು. ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಪ್ಪಿರಬೇಕೆಂದು ಮತ್ತೆ ಹಾಕಿದಳು. ನಕ್ಷೆಯಲ್ಲಿ ಇಂತಿಷ್ಟು ಸಾಲು ಎಂದಿರುತ್ತದೆ. ಸಾಲು ಸಡಿಲವಾದರೆ ಜಾಗ ಹೆಚ್ಚು ತಿನ್ನುತ್ತದೆ. ಒಂದೊಂದು ಮೊಳಕ್ಕೆ ನಾಲ್ಕು ಬೆರಳು ಹೆಚ್ಚಾಗಿ ಹೋಗಿತ್ತು. ಹೀಗೇ ಮುಂದುವರಿದರೆ ಮೂರನೆಯ ಹೂ ಮುಗಿಯುವ ಹೊತ್ತಿಗೆ ಮೇಲಿನ ಅಂಚಿನ ಜಾಗದ ಬಹುಪಾಲನ್ನು ಹೂವುಗಳೇ ನುಂಗಿರುತ್ತವೆ. ಒಂದು ಕಡೆ ಮೊಳದ ಅಂಚು ಇರುವ, ಇನ್ನೊಂದು ಕಡೆ ಅಂಚಿನ ಚೂರು ಮಾತ್ರ ಉಳಿದ ಗಂಬಳಿಯನ್ನು ಯಾರು ಕೊಳ್ಳುತ್ತಾರೆ? ಅಂದೇ ಹೇಳಬೇಕಿತ್ತು. ಅತ್ತೆ ಹಾಡು ಗುನುಗುತ್ತಾ ಗಂಟು ಕಟ್ಟುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡೇ ಸೊಸೆ ಆರು ದಿನ ಕಳೆದಳು.

ಏಳನೆಯ ದಿನ ಮಗಳಿಗೆ ಅಂಗಡಿ ರಜೆ. ಅಮ್ಮ ಬೇಯಿಸಿದ ಮೊಟ್ಟೆಗಳ ಸಿಪ್ಪೆ ಸುಲಿದು ಎಲ್ಲರ ತಟ್ಟೆಗೂ ಒಂದೊಂದು ಇಡುತ್ತಾ ಇದ್ದವಳು, ಬಾಗಿಲಿನಾಚೆ ಮಗ್ಗದ ಕಡೆ ನೋಡಿ ನಿಂತಳು.

"ಅಮ್ಮ, ಕೆಳಗಿನ ಹೂ ದುಂಡಗಿದೆ. ಮೇಲಿಂದು ಯಾಕೆ ಈ ಮೊಟ್ಟೆ ಥರ ಉದ್ದಕ್ಕಿದೆ?"

"ಸುಮ್ನೆ ಊಟ ಬಡಿಸೇ, ಬಾಯ್ಬಡ್ಕಿ," ಎಂದಳು ಸೊಸೆ. ದನಿ ತುಸು ಜೋರಾಗಿಯೇ ಬಂತು.

ಅತ್ತೆ ಸೊಸೆಯ ಮುಖ ನೋಡಿದಳು. ಕೈ ತೊಳೆದುಕೊಂಡು ಮುಂದಿನ ಕೋಣೆಗೆ ಹೋದಳು. ಮಗ್ಗದ ಹಿಂದೆ ಹೋಗಿ, ಚೆನ್ನಾಗಿದ್ದ ಎಡಗೈಯ ಬೆರಳುಗಳನ್ನು ಗಂಬಳಿಯ ಬೆನ್ನಿಗೆ ಒತ್ತಿ, ಸೊಸೆಯ ಕಡೆಯ ಭಾಗವನ್ನು ಕೆಳಗಿಂದ ಮೇಲಕ್ಕೆ ಸವರಿದಳು. ಮೊದಲ ಹೂ ಮುಗಿದ ಜಾಗದಲ್ಲಿ ಬೆರಳು ನಿಂತಿತು.

"ಇಲ್ಲಿಂದ," ಎಂದಳು. ಸೊಸೆ ಬಂದು ಬಾಗಿಲಲ್ಲಿ ನಿಂತಳು.

"ಇಲ್ಲಿಂದ ನಿನ್ನ ಕೈ ಇಳಿಸಿದ್ದೀಯ. ಅಲ್ವಾ?"

"ಹೂಂ, ಅತ್ತೆ."

"ನನಗೋಸ್ಕರಾನಾ?"

"ನಿಮ್ಮನ್ನ ಏಳಿಸಿದ್ರೆ ಇವಳನ್ನ ಕೂರಿಸ್ತಾರೆ. ಅದಕ್ಕೇ ಶುರು ಮಾಡ್ದೆ," ಎಂದಳು ಸೊಸೆ. "ಆಮೇಲೆ ನೀವು ಅಷ್ಟು ಖುಷಿಯಾಗಿದ್ರಿ. ಹೇಳೋಕೆ ನಾಲಿಗೆ ಏಳ್ಲಿಲ್ಲ."

ಅತ್ತೆ ಗಂಬಳಿಯ ಬೆನ್ನಿನಿಂದ ಕೈ ತೆಗೆದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕೈ ಹೋಯ್ತು ಅಂತ ನನಗೆ ಗೊತ್ತಿತ್ತು ಕಣೇ. ಹೇಗೋ ತಡ್ಕೊಂಡಿದ್ದೆ. ವಾಪಸ್ ಬಂತು ಅಂತ ನಂಬಿಸಿ, ಎರಡನೇ ಸಲ ಕಿತ್ಕೊಂಡ್ಯಲ್ಲೇ."

ಅಂದು ಆ ಮನೆಯಲ್ಲಿ ನಾಲ್ಕು ಮೊಟ್ಟೆಗಳೂ ತಟ್ಟೆಯಲ್ಲೇ ಉಳಿದವು.

ಮೂರು ದಿನ ಹಣಿಗೆಯ ಸದ್ದಿಲ್ಲ. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಉಣ್ಣೆ ಬಿಡಿಸಿದಳು, ಬಿಡಿಸಿದ್ದನ್ನೇ ಮತ್ತೆ ಬಿಡಿಸಿದಳು. ಕೊಟ್ಟರೆ ತಿಂದಳು, ಕೇಳಿದರೆ ಉತ್ತರಿಸಲಿಲ್ಲ. ಏನಾಯಿತೆಂದು ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ ಇಣುಕಿದಾಗ ಎದ್ದು ಒಳಗೆ ಹೋದಳು. ಸೊಸೆ ಪಾತ್ರೆ ತೊಳೆದಳು, ಬಟ್ಟೆ ಒಗೆದಳು, ಮಗ್ಗದ ಕಡೆ ನೋಡದೆ ನೆಲ ಒರೆಸಿದಳು. ಒಳ್ಳೆಯದು ಮಾಡಲು ಹೋಗಿ ಯಾರಿಗೂ ಮಾಡಬಾರದ ಕೆಲಸ ಮಾಡಿದೆ ಎಂದು ಅವಳಿಗೆ ಒಂದೇ ಸಮನೆ ಅನ್ನಿಸುತ್ತಿತ್ತು.

ನಾಲ್ಕನೆಯ ದಿನ ಸಂಜೆ ಗಂಡನ ತಾಳ್ಮೆ ಮುಗಿಯಿತು.

"ಇದೇನು ಸಾವಿನ ಮನೆಯಾ? ಇನ್ಮೇಲಿಂದ ಗಟ್ಟಿ ಕುಟ್ಟಿ, ಅಂಚು ಸ್ವಲ್ಪ ಚಿಕ್ಕದು ಮಾಡಿ ಕೊಟ್ಟುಬಿಡಿ. ಮೇಜಿನ ಕೆಳಗೆ ಹಾಸೋದು, ಯಾರು ಬಗ್ಗಿ ನೋಡ್ತಾರೆ?"

ಅತ್ತೆ ಮೂರು ದಿನದ ಮೇಲೆ ಮೊದಲ ಸಲ ಬಾಯಿಬಿಟ್ಟಳು. "ಎರಡು ಹೂ, ಒಂದು ಮೊಟ್ಟೆ. ಊಟದ ಕೋಣೆಗೆ ಹೇಳಿ ಮಾಡಿಸಿದ ಹಾಗಿರತ್ತೆ, ಅಲ್ವೇನೋ?"

"ಮತ್ತೇನು ಮಾಡ್ತೀಯಮ್ಮ?"

"ಬಿಚ್ಚೋದು."

"ಎರಡು ಮೊಳಾನೂ?"

"ಎರಡು ಮೊಳ ಎಂಟು ಬೆರಳು. ನೀನು ಹೋಗಿ ವ್ಯಾಪಾರಿ ಹತ್ರ ಗಡುವು ಕೇಳು. ಗಟ್ಟಿಕೈಯಮ್ಮ ಕೇಳಿದ್ಲು ಅನ್ನು. ಹೆಸರು ಇದ್ದಾಗ ಉಪಯೋಗಕ್ಕೆ ಬರ್ಲಿ. ಹಾಗೇ ಕಾರ್ಖಾನೆಯಿಂದ ಅದೇ ಬಣ್ಣದ ಉಣ್ಣೆ ತಗೊಂಡು ಬಾ, ಬಿಚ್ಚಿದ್ದು ಮತ್ತೆ ಕಟ್ಟೋಕೆ ಆಗಲ್ಲ."

ಮಗಳು ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದಳು. ನೆಲ ನೋಡಿಕೊಂಡೇ ಅಂದಳು, "ನಾನು ಅಂಗಡಿ ಬಿಡ್ತೀನಿ ಅಜ್ಜಿ. ಅಮ್ಮನ ಜೊತೆ ಕೂರ್ತೀನಿ."

"ಬೇಡ!" ಎಂದಳು ಸೊಸೆ.

"ಅವಳು ಕೂತ್ರೆ ತಪ್ಪೇನು?" ಎಂದ ಗಂಡ.

"ನೀನು ಸುಮ್ನಿರೋ." ಅತ್ತೆ ಮೊಮ್ಮಗಳನ್ನು ಹತ್ತಿರ ಕರೆದು, ಎಡಗೈಯಲ್ಲಿ ಅವಳ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದಳು. "ನಿನ್ನ ಈ ಹಲಗೆ ಮೇಲೆ ಕೂರಿಸಬಾರ್ದು ಅಂತ ನಿಮ್ಮಮ್ಮ ಒಂದೂವರೆ ತಿಂಗಳು ತನ್ನ ಕೈ ತಾನೇ ಕೆಡಿಸ್ಕೊಂಡ್ಲು. ಈಗ ನೀನಾಗೇ ಬಂದು ಕೂತ್ರೆ ಅದೆಲ್ಲ ದಂಡ. ಅಂಗಡಿಗೆ ಹೋಗು. ನನ್ನ ಮಾತ್ರೆ ಮುಗಿದಿದೆ, ಬರ್ತಾ ತಗೊಂಡು ಬಾ."

"ಹಾಗಾದ್ರೆ ಬಲಗಡೆ ಯಾರು ನೇಯ್ತಾರೆ?" ಎಂದು ಗಂಡ ಕೇಳಿದ.

"ಎಡಗಡೆಯವಳೇ. ಸರ್ಕೊಂಡು ಸರ್ಕೊಂಡು ಇಡೀ ಸಾಲು ಒಬ್ಬಳೇ ಕಟ್ಲಿ. ಎರಡರಷ್ಟು ದಿನ ಹಿಡಿಯತ್ತೆ, ಹಿಡೀಲಿ."

"ಮತ್ತೆ ನೀವು, ಅತ್ತೆ?" ಎಂದಳು ಸೊಸೆ.

"ಒಲೆ ಇದೆಯಲ್ಲ," ಎಂದಳು ಅತ್ತೆ, ಅವಳ ಕಡೆ ನೋಡದೆ.

ವ್ಯಾಪಾರಿ ಗೊಣಗಿ ಗೊಣಗಿ, ಬೆಲೆಯಲ್ಲಿ ಸ್ವಲ್ಪ ಇಳಿಸಿ, ಮೊದಲಿನ ಗಡುವಿನ ಮೇಲೆ ಇನ್ನೂ ಐದು ತಿಂಗಳು ಕೊಟ್ಟ. ಬಿಚ್ಚುವ ಕೆಲಸವನ್ನು ಅತ್ತೆ ಯಾರಿಗೂ ಕೊಡಲಿಲ್ಲ. ಬಿಚ್ಚಲು ಬಲ ಬೇಡ, ಸಹನೆ ಬೇಕು. ತನ್ನ ಜಾಗದಲ್ಲೇ ಕೂತು ಕೊಕ್ಕೆಯಿಂದ ಒಂದೊಂದೇ ಗಂಟು ಎಬ್ಬಿಸಿದಳು, ಹೊಕ್ಕಿನ ದಾರ ಎಳೆದು ತೆಗೆದಳು. ಸೊಸೆ ಪಕ್ಕದಲ್ಲಿ ಬಂದು ಕೂತು ಇನ್ನೊಂದು ಕೊಕ್ಕೆ ಕೈಗೆತ್ತಿಕೊಂಡಾಗ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮೂರನೆಯ ದಿನ ಸೊಸೆ ಕಣ್ಣೊರೆಸಿಕೊಂಡದ್ದನ್ನು ಕಂಡು, "ಅಳು, ಬೇಡ ಅನ್ನಲ್ಲ," ಎಂದಳು. ಅಷ್ಟಕ್ಕೇ ನಿಲ್ಲಿಸಿದಳು. ಉಳಿದ ಅರ್ಧ ಇಬ್ಬರಿಗೂ ಗೊತ್ತಿತ್ತು. ಬಿಚ್ಚಿದ ಉಣ್ಣೆಯ ಚೂರುಗಳನ್ನು ಮೊಮ್ಮಗಳು ಬಾಚಿ ಒಂದು ಚೀಲಕ್ಕೆ ತುಂಬಿ, ಬಾಯಿ ಹೊಲಿದು ತಲೆದಿಂಬು ಮಾಡಿದಳು. "ಅಜ್ಜಿ, ಪಟ್ಟಿ ಮೊಳೆಗೇ ಇರ್ಲಿ. ನಿನ್ನ ಕತ್ತಿಗೆ ಇದು," ಎಂದಳು. ಅದನ್ನು ಮಾತ್ರ ಅತ್ತೆ ಮೊಳೆಗೆ ಹಾಕಲಿಲ್ಲ.

ಹನ್ನೆರಡು ದಿನಕ್ಕೆ ಗಂಬಳಿ ಮತ್ತೆ ಮೊದಲ ಹೂವಿನ ತಲೆಗೆ ಬಂದು ನಿಂತಿತು. ಅಲ್ಲಿ ಬಲಗಡೆ ಒಂದು ಬೆರಳು ಏರಿತ್ತಲ್ಲ, ಅದು ಏರತೊಡಗಿದ್ದ ಸಾಲಿನವರೆಗೂ ಈ ತುದಿಯಿಂದ ಆ ತುದಿಗೆ ಅತ್ತೆಯೇ ಬಿಚ್ಚಿದಳು. ಆಮೇಲೆ ನಿಂತುಕೊಂಡು ಹಾಸಿನ ನಡುವಿನ ಕೆಂಪು ದಾರದ ಗಂಟನ್ನು ಎಡಗೈಯಿಂದಲೇ ಬಿಡಿಸಿ ಎಳೆದುಕೊಂಡಳು. ಅದನ್ನು ಬೆರಳಿಗೆ ಸುತ್ತಿ ಸುತ್ತಿ ಉಂಡೆ ಮಾಡಿ, ತನ್ನ ಹಣಿಗೆಯ ಜೊತೆ ಕಿಟಕಿಯ ಗೂಡಿನಲ್ಲಿಟ್ಟಳು. ಒಳಗೆ ಹೋಗಿ ಈರುಳ್ಳಿ ಎಲ್ಲಿದೆ ಎಂದು ಕೇಳಿದಳು.

ಸೊಸೆ ಒಬ್ಬಳೇ ಹಲಗೆಯ ಮೇಲೆ ಕೂತಳು. ಎಡತುದಿಯಿಂದ ಗಂಟು ಕಟ್ಟುತ್ತಾ, ಸರಿಯುತ್ತಾ, ಬಲತುದಿ ಮುಟ್ಟುವ ಹೊತ್ತಿಗೆ ಬಿಸಿಲು ಬಾಗಿಲ ಹೊಸ್ತಿಲು ದಾಟಿತ್ತು. ಹೊಕ್ಕಿನ ದಾರ ಎಳೆದಳು. ಹಣಿಗೆ ಹಿಡಿದು ಮತ್ತೆ ಎಡತುದಿಯಿಂದ ಕುಟ್ಟುತ್ತಾ ಬಂದಳು. ಮೊಣಕೈ ಪಕ್ಕೆ ಬಿಟ್ಟು ಮೇಲೇಳಲು ಮೊದಲು ಹಿಂಜರಿಯಿತು; ನಾಲ್ಕು ಏಟಿಗೆ ಹಳೆಯ ಬಲ ಬಂತು. ಕೆಂಪು ದಾರವಿಲ್ಲದ ಹಾಸಿನಲ್ಲಿ ತನ್ನ ಭಾಗ ಎಲ್ಲಿಗೆ ಮುಗಿಯುತ್ತದೆ ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಆದರೆ ಸರಿಯುತ್ತಾ ಸರಿಯುತ್ತಾ ಹಲಗೆ ತಗ್ಗಾಯಿತು. ನಲವತ್ತು ವರ್ಷ ಅತ್ತೆ ಕೂತು ಕೂತು ಸವೆಸಿದ ಗುಳಿ ಅದು. ಅದರಲ್ಲಿ ಕೂತ ಕೂಡಲೇ ಸೊಸೆಯ ಕೈ ತಾನಾಗಿಯೇ ಇಳಿಯಿತು.

ಒಳಗೆ ಈರುಳ್ಳಿ ಹುರಿಯುವ ಸದ್ದು ನಿಂತಿತು.

"ಯಾಕೆ ಮೆತ್ತಗಾಯ್ತು?"

ಸೊಸೆ ಹಣಿಗೆಯನ್ನು ಮಡಿಲಿಗೆ ಇಳಿಸಿದಳು.

"ಅಲ್ಲಿ ಈಗ ಯಾರೂ ಕೂತಿಲ್ಲ ಕಣೇ," ಎಂದಳು ಅತ್ತೆ ಒಲೆಯ ಮುಂದಿನಿಂದ. "ಕುಟ್ಟು."

ಸೊಸೆ ಹಣಿಗೆ ಎತ್ತಿ ಕುಟ್ಟಿದಳು. ಬಲತುದಿಯವರೆಗೂ ಕುಟ್ಟಿದಳು.

ಮಧ್ಯಾಹ್ನ ಅತ್ತೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಬಂದು, ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳು ಆಡಿಸಿದಳು. ಏನೂ ಹೇಳದೆ ಒಳಗೆ ಹೋದಳು. ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು, ಎಲ್ಲರೂ ತಿಂದರು. ಸೊಸೆಯ ತಟ್ಟೆಯಲ್ಲಿ ಒಂದೂವರೆ ಮೊಟ್ಟೆ ಇತ್ತು.